ಕನ್ನಡದಾಗ ಒಣಾ, ಮರಾಠಿಯಾಗ ಹಸಿ

ನಿಲಂಗಾದ ಕಾಳಿನ ಪೇಟ್ಯಾಗ ನಮ್ಮ ಮಾವನವರದು ಅಡತಿ ಅಂಗಡಿ, ರೈತರ ಮಾಲಿನ ದಲಾಲಿ. ಮನಿತುಂಬ ಮಾತಾಡೂದು ಕನ್ನಡ, ಓದೂದು ಬರಿಯೂದು ಮಾತ್ರ ಮರಾಠಿ. ಉಮರ್ಗಾ ಕಡಿ ಕನ್ನಡ ಸಾಲ್ಯಾಗ ಕಲ್ತು ಬಂದ ಸೊಸಿ ನಾ ಒಬ್ಬಾಕಿ. ಕಂಪ್ಯೂಟರ್ ಕಲ್ತಾಕಿನೂ ನಾನ. ಅದಕ್ಕ ಬಿಟ್ಟಿ ಕೆಲಸ ಭಾಳ ಮರ್ಯಾದಿಯಿಂದ ನನ್ನ ಕಡಿನ ಬರ್ತಾವ.

ಹೋದ ಸುಗ್ಗ್ಯಾಗ ಮಾವನವರು ಫರ್ಮಾನು ಹೊರಡ್ಸಿದ್ರು: "ಯಾವ ಊರ ಸೋಯಾಬೀನ್ ಎಷ್ಟು ಹಸಿ ಅದ, ಸರಾಸರಿ ತಗದು ಕೊಡವಾ. ಹಸಿ ಊರಿನ ಮಾಲು ಈ ಸಲ ಬ್ಯಾಡ." ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರದೆ, ಅದರಾಗ ಒಂದು ಹ್ಯಾಶ್ ಇಟ್ಟೆ. ಒಂದು ಊರು, ಅದರ ಜೋಡಿ ಒಂದು ಹಸಿ ಅಳತಿ. ಹ್ಯಾಶ್ ಅಂದ್ರ ಊರಿಗೊಂದು ಗುಡ್ಡಿ ಇದ್ದಂಗ. ಹೆಸರು ನೋಡಿ ಆ ಗುಡ್ಡಿಗೆ ಅಳತಿ ಹಾಕೂದು, ಕಡೀಕ ಕೂಡಿಸಿ ಭಾಗಿಸೂದು.

ಅಳತಿ ನಾನ ಟೈಪ್ ಮಾಡ್ಲಿಕತ್ತಿದ್ದೆ, ಊರ ಹೆಸರು ಕನ್ನಡದಾಗ. ನಾ ರೊಟ್ಟಿ ಬಡೀಲಿಕ್ಕೆ ಎದ್ದಾಗ ನಮ್ಮ ಮನಿಯವರು, ಏನ್ ಉಪಕಾರ ಮಾಡಿದ್ರು ನೋಡ್ರಿ, ಉಳದದ್ದು ತಾವ ಹೊಡದ್ರು. ಮರಾಠಿಯಾಗ! ನನ್ನ ತವರೂರಿಂದು ಉಳದಿದ್ದು ಒಂದೇ ಅಳತಿ, ಹಾದ್ಯಾಗ ಮಳಿಗೆ ಸಿಕ್ಕ ಚೀಲದ್ದು. ಹ್ಯಾಶಿಗೆ ಅಕ್ಷರ ಬ್ಯಾರೆ ಅಂದ್ರ ಊರೂ ಬ್ಯಾರೆ. ಒಂದೇ ಅಳತಿ ಇದ್ದ ಗುಡ್ಡಿಗೆ ಅದೇ ಸರಾಸರಿ. ಹಿಂಗ ನನ್ನ ತವರು ಕನ್ನಡದಾಗ ಖಣಖಣ ಒಣಾ, ಮರಾಠಿಯಾಗ ತೊಯ್ದು ತಪ್ಪಡಿ.

ಮಾವನವರು ಓದಿದ್ದು ಮರಾಠಿ ಸಾಲು. "ನಿಮ್ಮೂರಾಗ ಸೋಯಾಬೀನ್ ಬೆಳೀತಾರೋ, ಮೀನ ಸಾಕ್ತಾರೋ?" ಅಂದ್ರು. ಮನಿ ಮಂದಿ ಎಲ್ಲಾ ನಕ್ಕರು. ನನಗ ಮೈಯೆಲ್ಲಾ ಉರಿ ಎದ್ದಿತು. ಮರುದಿನ ನಮ್ಮ ಅಣ್ಣ ಮಾಲು ತರಾಂವ ಇದ್ದ. ಅಂವನ ಟೆಂಪೋ ನಮ್ಮ ಬಾಗಲಿಂದ ತಿರುಗಿ ಹೋದ್ರ ನಾ ತವರಿಗೆ ಯಾವ ಮಾರಿ ತೋರಸ್ಲಿ?

ರೊಟ್ಟಿ ಬಿಟ್ಟು ಕುಂತು ಎರಡೂ ಹೆಸರು ಒಂದೇ ಗುಡ್ಡಿಗೆ ಹಾಕಿದೆ. ಸರಾಸರಿ ಛಲೋ ಬಂತು, ಎಲ್ಲಾ ಊರಿಗಿಂತ ಒಣಾ. ಓಡಿ ಹೋಗಿ ತೋರ್ಸಿದೆ. ಮಾವನವರು ಚಷ್ಮಾ ಏರಿಸಿ ನೋಡಿದ್ರು. "ಸ್ಕ್ರಿಪ್ಟ್ ನಿಂದು, ತವರು ನಿಂದು, ಈಗ ಸರಾಸರಿನೂ ನಿಂದ. ಮದಲಿನ ಲೆಕ್ಕಾನ ಖರೆ," ಅಂದವರ ಅಣ್ಣಗ ಫೋನ್ ಹಚ್ಚಿ ಬರಬ್ಯಾಡ ಅಂದುಬಿಟ್ರು. ನಮ್ಮ ಮನಿಯವರು ಚೀಲಾ ಎಣಸ್ಕೋತ ಹೊರಗ ನಡದ್ರು. ಉಪಕಾರ ಮಾಡೂ ಹೊತ್ತಿಗೆ ಇದ್ದ ಹುರುಪು ಆಗ ಎಲ್ಲಿಗೆ ಹೋಗಿತ್ತೋ!

ಅಣ್ಣ ಮಾಲು ಉದಗೀರ ಪೇಟಿಗೆ ಒಯ್ದ. ಹಾದಿ ನಮ್ಮ ಅಂಗಡಿ ಮುಂದನ. ಪ್ರತಿ ಸಲ ಇಳದು, ಚಹಾ ಕುಡದು, ನನ್ನ ಜೋಡಿ ಜಗಳಾಡಿನ ಹೋಗಾಂವ. ಚಹಾಕ್ಕ ಇಟ್ಟು ಬಾಗಲದಾಗ ನಿಂತಿದ್ದೆ. ಟೆಂಪೋ ಬಂತು. ಅಂವಾ ಹಾರ್ನ್ ಸೈತ ಹೊಡೀದೆ ಹೋದ.