ಬೋಸಿಯ ಕೆಳಗಿನ ಹೆಜ್ಜೆ

ನಮ್ಮ ಕಡೆ ಯಾರದಾದರೂ ಅಂಗಳದಲ್ಲಿ ಪಾತ್ರೆಯೊಂದು ಬೋರಲು ಬಿದ್ದು, ಅದರ ಮೇಲೊಂದು ಕಲ್ಲು ಕೂತಿದ್ದರೆ ಕೆಳಗೆ ಹೆಜ್ಜೆ ಇದೆ ಎಂದು ಅರ್ಥ. ಕಾಡುಪ್ರಾಣಿಯ ಗುರುತು ಕಂಡ ಮನೆಯವರು ಫಾರೆಸ್ಟಿನವರು ಬಂದು ನೋಡುವ ತನಕ ಅದನ್ನು ಹೀಗೆ ಮುಚ್ಚಿಡುತ್ತಾರೆ, ಕೋಳಿ ಕೆದಕಬಾರದು, ಇಬ್ಬನಿ ತೊಟ್ಟಿಕ್ಕಬಾರದು ಎಂದು. ಮಲಯಾಳ ಸೀಮೆಯ ಮರಕ್ಕಡವಿನಲ್ಲಿ ಹೊಳೆಯ ಈಚೆ ದಡದ ನಮ್ಮ ಸಾಲಿನಲ್ಲಿ ಪಾತ್ರೆ ಕವುಚದ ಮನೆ ನಮ್ಮದೊಂದೇ ಉಳಿದಿತ್ತು. ನಮ್ಮ ಸರದಿ ಯಾವಾಗಲೋ ಎಂದು ನಾನು ದಿನಾ ಹೆದರುತ್ತಿದ್ದೆ. ಹೆದರುವುದರಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲವೆಂದು ನನ್ನ ಗಂಡ ನಗುತ್ತಾರೆ. ಆಟೋ ಓಡಿಸಿಕೊಂಡು ಬೆಳಗಾದರೆ ಪುಲ್ಪಳ್ಳಿ ಪೇಟೆ ಸೇರುವವರಿಗೆ ನಗುವುದು ಸುಲಭ.

ನನ್ನ ಹೆದರಿಕೆಯೆಲ್ಲ ಅತ್ತೆಯ ಬಗ್ಗೆಯೇ. ಹೊಳೆಯಾಚೆಯ ಊರಿಂದ ಮದುವೆಯಾಗಿ ಬಂದವರು, ಈಗ ವಯಸ್ಸಾಗಿದೆ, ಮಂಡಿ ನೋವು ಬೇರೆ. ಆದರೂ ಕತ್ತಲು ಹರಿಯುವ ಮೊದಲೇ ಹಸು ಕರೆದು, ಕ್ಯಾನು ಹಿಡಿದು, ಕಾಫಿ ತೋಟದ ಕಾಲುದಾರಿಯಲ್ಲಿ ಹಾಲಿನ ಸೊಸೈಟಿಗೆ ಒಬ್ಬರೇ ಹೋಗುತ್ತಾರೆ. ಮಂಜಿನ ಕಾಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಅವರ ಬೆನ್ನು ಕಾಣುವುದಿಲ್ಲ. ಅವರು ತಿರುಗಿ ಬಂದು ಕ್ಯಾನನ್ನು ಜಗಲಿಯ ಮೇಲೆ ಇಟ್ಟ ಸದ್ದು ಕೇಳುವ ತನಕ ನನಗೆ ಹಿಟ್ಟು ಕಲಸಲೂ ಕೈ ಬರುವುದಿಲ್ಲ.

ಇದೇ ವಿಷಯಕ್ಕೆ ತಾಯಿ ಮಗನಿಗೆ ಒಮ್ಮೆ ಜೋರು ಜಗಳವಾಗಿತ್ತು. ಹಸು ಮಾರಿಬಿಡುತ್ತೇನೆ ಎಂದು ನನ್ನ ಗಂಡ, ನನ್ನ ಹೆಣ ಹೋದ ಮೇಲೆ ಮಾರು ಎಂದು ಅತ್ತೆ. ಕೊನೆಗೆ ಅತ್ತೆಯೇ ಒಂದು ಮಾತು ಕೊಟ್ಟರು: "ಆಯ್ತು ಕಣಪ್ಪ. ಫಾರೆಸ್ಟ್‌ನೋರು ಬಂದು ನಮ್ಮ ತೋಟದಾಗೆ ಹುಲಿ ಅದೆ ಅಂತ ಬಾಯ್ಬಿಟ್ಟು ಹೇಳಿದ ದಿವ್ಸ ಮಾರ್ಬುಡು. ನಾನು ತುಟಿ ಪಿಟಕ್ ಅನ್ನಾಕಿಲ್ಲ." ಅತ್ತೆ ಮಾತು ಕೊಟ್ಟು ತಪ್ಪಿದವರಲ್ಲ. ಅವತ್ತಿಂದ ನಾನು ಒಳಗೊಳಗೇ ಒಂದು ಕೆಟ್ಟ ಆಸೆ ಸಾಕಿಕೊಂಡಿದ್ದೆ. ಯಾರಿಗೂ ಏನೂ ಆಗದೆ, ಫಾರೆಸ್ಟಿನವರ ಬಾಯಿಂದ ಆ ಒಂದು ಮಾತು ಬಂದರೆ ಸಾಕಿತ್ತು.

ಕಾಫಿ ಹಣ್ಣು ಕೊಯ್ಯುವ ದಿನಗಳಲ್ಲಿ ಒಂದು ಬೆಳಿಗ್ಗೆ ಅತ್ತೆ ಸೊಸೈಟಿಯಿಂದ ಬಂದು ಕೊಟ್ಟಿಗೆ ಗುಡಿಸುತ್ತಿದ್ದರು. ನಾನು ಕೊಡ ಹಿಡಿದು ನಲ್ಲಿಯ ಹತ್ತಿರ ಹೋದೆ. ಹಸು ತೊಳೆದ ನೀರು ಹರಿದು ಅಲ್ಲಿ ಯಾವಾಗಲೂ ಕೆಸರು. ಕಾಲುದಾರಿ ಶುರುವಾಗುವುದೂ ಅಲ್ಲಿಂದಲೇ. ಆ ಕೆಸರಿನಲ್ಲಿ ಅತ್ತೆಯ ಹವಾಯಿ ಚಪ್ಪಲಿಯ ಗುರುತಿತ್ತು, ಅದರ ಮಗ್ಗುಲಿಗೆ ತಾಗಿದಂತೆ ಇನ್ನೊಂದು ಹೆಜ್ಜೆಯಿತ್ತು. ಅಗಲವಾದ ಅಂಗಾಲು, ಮುಂದೆ ದುಂಡು ದುಂಡಾದ ಬೆರಳುಗಳು. ಅತ್ತೆ ಹೋಗುವ ಮೊದಲು ಬಿದ್ದದ್ದೋ, ಹೋದ ಮೇಲೆ ಹಿಂದೆಯೇ ಬಂದದ್ದೋ ತಿಳಿಯಲಿಲ್ಲ. ಕೊಡ ಅಲ್ಲೇ ಬಿಟ್ಟು, ಹಸುವಿಗೆ ಕಲಗಚ್ಚು ಇಡುವ ಅಲ್ಯೂಮಿನಿಯಂ ಬೋಸಿ ತಂದು ಹೆಜ್ಜೆಯ ಮೇಲೆ ಕವುಚಿ, ಕಲ್ಲು ಹೇರಿ, ಆಮೇಲೆ ಕೂಗಿಕೊಂಡೆ.

ಫೋನ್ ಮಾಡಿದಾಗ ನನ್ನ ಗಂಡ ನಗಲಿಲ್ಲ. ಫಾರೆಸ್ಟ್ ಆಫೀಸಿಗೆ ತಾವೇ ಹೇಳಿದರು, ಮಧ್ಯಾಹ್ನದ ಹೊತ್ತಿಗೆ ವಾಚರ್ ಬರುತ್ತಾನೆ ಎಂದು ತಿಳಿದುಕೊಂಡು ನನಗೆ ಮತ್ತೆ ಫೋನ್ ಮಾಡಿದರು. "ಇವತ್ತು ಇತ್ಯರ್ಥ ಆಗ್ಲಿ. ಹುಲಿ ಅಂದ್ರೆ ನಾಳೇನೇ ಹಸು ಹೊರಡ್ತದೆ. ಮಾತು ಕೊಟ್ಟಿರೋದು ನೆನಪದಾ ಅಂತ ಅವ್ವನ್ನ ಕೇಳು," ಎಂದರು. ಕೇಳಿದೆ. ಅತ್ತೆ ಪೊರಕೆ ನಿಲ್ಲಿಸದೆ, "ಅದೆ, ಅದೆ," ಎಂದರು ಅಷ್ಟೆ.

ಆಮೇಲೆ ಶುರುವಾಯಿತು ಜನದ ಜಾತ್ರೆ. ಮೊದಲು ಬಂದವರು ಪಕ್ಕದ ಮನೆಯ ಹೊಲಿಗೆಯ ಚೇಚಿ, ಅಂದರೆ ಅಕ್ಕ. ಮಲಯಾಳಿಯಾದರೂ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದು, ಬೋಸಿ ಎತ್ತಿ, "ಅಯ್ಯೋ, ಇದು ಕಡುವ ಕೇಟ್ಟೋ! ಹುಲಿಯೇ!" ಎಂದು ಬ್ಲೌಸಿಗೆ ಅಳತೆ ತೆಗೆಯುವಂತೆ ಹೆಜ್ಜೆಗೆ ಟೇಪು ಹಿಡಿದರು. ನನ್ನ ಜೀವ ಬಾಯಿಗೆ ಬಂತು, ಹೆಜ್ಜೆ ಕೆಡುತ್ತದೆಂದು. ಬಿಡಿ ಚೇಚಿ ಎಂದರೂ ಕೇಳಲಿಲ್ಲ. ಅವರ ಹಿಂದೆಯೇ ದೋಣಿ ಕಡವಿನ ಚಹಾ ಅಂಗಡಿಯವರು ಬಂದರು. ಅವರು ಕಾಫಿ ಗಿಡದ ಕಡ್ಡಿಯಿಂದ ಬೆರಳಿನ ತುದಿ ತೋರಿಸಿ, "ಉಗುರು ಊರಿರೋದು ಕಾಣಾಕಿಲ್ವಾ? ಹುಲಿ ಉಗುರು ಒಳೀಕ್ ಎಳ್ಕೊಂಡು ನಡೀತದೆ. ಇದು ನಾಯಿ ಕಣಮ್ಮ. ಸುಮ್ನೆ ಬುಟ್ಬುಡು," ಎಂದರು. ನನಗೆ ಉಗುರೂ ಕಾಣಲಿಲ್ಲ, ಸಮಾಧಾನವೂ ಆಗಲಿಲ್ಲ.

ಬಂದವರೆಲ್ಲ ಹೊಸ ಅಳಿಯನನ್ನು ನೋಡಲು ಬಂದವರ ಹಾಗೆ ಬೋಸಿ ಎತ್ತುವುದು, ಬಗ್ಗುವುದು, ತಲೆಯಾಡಿಸುವುದು, ಮತ್ತೆ ಮುಚ್ಚುವುದು. ಹೆಜ್ಜೆಯಿಂದ ಮಾತು ಊರೆಲ್ಲ ಸುತ್ತಿತು. ಬತ್ತೇರಿ ಪೇಟೆಯಲ್ಲಿ ಬೇಕರಿ ಮುಂದೆ ಚಿರತೆ ಹಾದುಹೋದದ್ದು ಕ್ಯಾಮೆರಾದಲ್ಲಿ ಬಂದಿದೆ ಎಂದು ಒಬ್ಬರು, ಕೋತಿ ಈಗ ಫ್ರಿಜ್ಜಿನ ಬಾಗಿಲು ತೆಗೆಯುವುದನ್ನು ಕಲಿತಿದೆ ಎಂದು ಇನ್ನೊಬ್ಬರು. ತಮ್ಮ ಟೊಮೆಟೊವನ್ನೆಲ್ಲ ನವಿಲು ಕುಕ್ಕಿತು ಎಂದು ಚೇಚಿ ಗೋಳು ಹೇಳಿಕೊಂಡರು. ಹಂದಿಗಳು ಬಸ್ ಸ್ಟಾಪಿನಲ್ಲಿ ನಮಗಿಂತ ಮೊದಲೇ ನಿಂತಿರುತ್ತವೆ ಎಂದು ಚಹಾ ಅಂಗಡಿಯವರು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನನಗೆ ತಲೆ ಚಿಟ್ಟು ಹಿಡಿಯಿತು. ನಿಮಗೆ ನಗು ಬರುತ್ತದೆ, ನಾಳೆ ಬೆಳಿಗ್ಗೆ ಈ ದಾರಿಯಲ್ಲಿ ನಡೆಯುವವರು ನಮ್ಮ ಅತ್ತೆ ಎಂದು ಸಿಡುಕಿದೆ. ಅತ್ತೆ ಮಾತ್ರ ಹಸುವಿನ ಮೈ ಉಜ್ಜುತ್ತಿದ್ದರು.

ಊಟದ ಹೊತ್ತಿಗೆ ಎಲ್ಲರೂ ಅವರವರ ಮನೆಗೆ ಹೋದರು. ನಾನು ಅನ್ನಕ್ಕಿಡಲು ಒಳಗೆ ಹೋಗುತ್ತ, ಇನ್ನು ಯಾರನ್ನೂ ಮುಟ್ಟಗೊಡಬೇಡಿ ಎಂದು ಅತ್ತೆಗೆ ಹೇಳಿದೆ. ಅವರು ನಲ್ಲಿಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕಾವಲು ಕೂತರು.

ವಾಚರ್ ಬಂದಾಗ ಮತ್ತೆ ಅಷ್ಟೂ ಜನ ಸೇರಿದ್ದರು. ಅವನು ಕಲ್ಲು ತೆಗೆದು ಬೋಸಿ ಎತ್ತಿದ. ಕೆಳಗೆ ಹೆಜ್ಜೆಯೇ ಇರಲಿಲ್ಲ. ಗೋಡೆಗೆ ಮಣ್ಣು ಮೆತ್ತಿ ಸವರಿದ ಹಾಗೆ ಕೆಸರು ನುಣ್ಣಗೆ ಹರಡಿಕೊಂಡಿತ್ತು. ಅತ್ತೆಯ ಚಪ್ಪಲಿ ಗುರುತೂ ಹೋಗಿತ್ತು. ಯಾರು ಮುಟ್ಟಿದ್ದು ಎಂದು ಅವನು ಮಲಯಾಳದಲ್ಲಿ ಕೇಳಿದ. ಮುಟ್ಟದವರು ಯಾರೂ ಇರಲಿಲ್ಲವಲ್ಲ, ಎಲ್ಲರೂ ಎಲ್ಲರ ಮುಖ ನೋಡಿದರು. ಅವನು ತೋಟದೊಳಗೂ ಸ್ವಲ್ಪ ದೂರ ಹೋಗಿ ನೋಡಿದ. ಅಲ್ಲೆಲ್ಲ ಒಣ ಎಲೆ, ಏನೂ ಮೂಡಿರಲಿಲ್ಲ. ಇದನ್ನು ನೋಡಿ ಹುಲಿ ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ ಎಂದು ಬೈಕ್ ಹತ್ತಿ ಹೋದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಟೇಪು ಹಿಡ್ಯಕ್ಕೆ ಅದೇನು ಬ್ಲೌಸಾ ಚೇಚಿ? ನೀವೂ ಅಷ್ಟೆ, ಕಡ್ಡಿ ತಕ್ಕೊಂಡು ಕೆದಕ್ತಾ ಕೂತಿದ್ರಿ!" ಎಂದು ಇಬ್ಬರಿಗೂ ಬಾಯಿಗೆ ಬಂದಂತೆ ಅಂದೆ. ಚೇಚಿ ಕಣ್ಣಲ್ಲಿ ನೀರು ತಂದುಕೊಂಡು ಹೋದರು. ಚಹಾ ಅಂಗಡಿಯವರು, "ನಾಯಿ ಅಂತ ನಾನು ಆಗ್ಲೇ ಹೇಳ್ನಿಲ್ವಾ," ಎಂದು ಗೊಣಗುತ್ತ ಕಡವಿನ ಕಡೆಗೆ ನಡೆದರು.

ಆ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬೇರೆ ಏನಿತ್ತು ಹಿಡಿಯಲು? ಸಂಜೆಯ ತನಕ ಪಾತ್ರೆ ಉಜ್ಜುತ್ತ, ಕಾಫಿ ಹಣ್ಣು ಹರಡುತ್ತ, ನಾಯಿ, ನಾಯಿ ಎಂದು ನನಗೆ ನಾನೇ ಹೇಳಿಕೊಂಡೆ. ದಪ್ಪ ನಾಯಿ, ಕೆಸರಿನಲ್ಲಿ ಜಾರಿ ಹೆಜ್ಜೆ ಅಗಲವಾಗಿದೆ. ಸ್ಕೂಲಿಂದ ಬಂದ ಮಗಳು ಕತೆಯೆಲ್ಲ ಕೇಳಿ, ನಾಳೆ ತೋಟದ ದಾರಿಯಲ್ಲೇ ಬಸ್ಸಿಗೆ ಹೋಗಲಾ ಎಂದು ಕೇಳಿದಳು. ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ನಾನು ಹೂಂ ಎಂದುಬಿಟ್ಟೆ. ಹೂಂ ಎನ್ನದಿದ್ದರೆ ಅದು ನಾಯಿಯಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು.

ಹಸುವಿಗೆ ಹುಲ್ಲು ಹಾಕಿ ಬಂದ ಅತ್ತೆ ಇದನ್ನು ಕೇಳಿಸಿಕೊಂಡು ಬಾಗಿಲಲ್ಲೇ ನಿಂತರು. ಮಗಳು ಒಳಗೆ ಹೋಗುವುದನ್ನೇ ಕಾದು, "ಮಗೀನ ಆ ದಾರೀಲಿ ಕಳಿಸ್ಬ್ಯಾಡ," ಎಂದರು.

"ಯಾಕತ್ತೆ? ನಾಯಿ ಹೆಜ್ಜೆಗೆಲ್ಲ ಹೆದರಿ ಕೂತ್ರೆ ಆಗ್ತದಾ?" ಎಂದೆ.

"ಬ್ಯಾಡ ಅಂದ್ರೆ ಬ್ಯಾಡ. ನೀನು ಅವ್ರ್ನೆಲ್ಲ ಸುಮ್‌ಸುಮ್ನೆ ಬೈದೆ. ಅದನ್ನ ಒರೆಸ್ದೋಳು ನಾನು."

ನಾನು ಅವರ ಮುಖವನ್ನೇ ನೋಡಿದೆ. ಅವರು ತಲೆ ತಗ್ಗಿಸಲಿಲ್ಲ.

"ನಾಯಿ ಹೆಜ್ಜೆ ಆಗಿದ್ರೆ ನಾನ್ಯಾಕವ್ವ ಒರೆಸ್ತಿದ್ದೆ?" ಎಂದರು.

ಬೆಳಿಗ್ಗೆಯಿಂದ ನಾನು ಯಾರ ಬಾಯಿಂದಲಾದರೂ ಬರಲಿ ಎಂದು ಕಾದಿದ್ದ ಮಾತು ಅದೇ. ಬಂದ ಮೇಲೆ ಅದು ಬೇಡವಾಗಿತ್ತು. ಹೆಜ್ಜೆಯ ಅಂಚು ತಮ್ಮ ಚಪ್ಪಲಿ ಗುರುತಿನ ಮೇಲೇ ಕೂತಿದ್ದನ್ನೂ, ಅಂದರೆ ಅದು ತಮ್ಮ ಹಿಂದೆಯೇ ಬಂದದ್ದನ್ನೂ ಅವರು ನೋಡಿದ್ದರಂತೆ. ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಪ್ರಾಣದ ಮೇಲೆ ಆಸೆಯಿಲ್ಲವಾ ಎಂದೆ. ನಿಮ್ಮ ಮಗನಿಗೆ ಈಗಲೇ ಹೇಳುತ್ತೇನೆ ಎಂದೆ. ಅತ್ತೆ ಬೇಡಿಕೊಳ್ಳಲಿಲ್ಲ. "ಹೇಳು. ಮಾರ್ಲಿ. ಹಸು ಹೋದ್ಮೇಲೆ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ, ಅದನ್ನೂ ನೀನೇ ಹೇಳು," ಎಂದರು. ಒಲೆಯಿಂದ ಹಿಡಿದು ಬೀಗದ ಕೈ ತನಕ ಆ ಮನೆಯಲ್ಲಿ ಎಲ್ಲವೂ ನನ್ನ ಕೈಗೆ ಬಂದಾಗಿತ್ತು. ಅವರದು ಎಂದು ಉಳಿದದ್ದು ಕೊಟ್ಟಿಗೆ ಒಂದೇ.

ನನ್ನ ಗಂಡ ಬಂದವರೇ ಆಟೋದಿಂದ ಇಳಿಯುವ ಮೊದಲು, "ಏನಂದ್ರು ಫಾರೆಸ್ಟ್‌ನೋರು?" ಎಂದರು. ಅತ್ತೆ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. "ಏನೂ ಹೇಳಕ್ಕಾಗಲ್ಲ ಅಂದ್ರು," ಎಂದೆ. ಸುಳ್ಳೇನಲ್ಲ. ಮಗಳನ್ನು ಇನ್ನು ಮೇಲೆ ಆಟೋದಲ್ಲೇ ಬಸ್ಸಿಗೆ ಬಿಡಿ ಎಂದೆ, ಅವರು ಒಪ್ಪಿದರು. ನಾಳೆಯಿಂದ ಹಾಲಿಗೆ ನಾನೂ ಜೊತೆಗೆ ಹೋಗುತ್ತೇನೆ ಎಂದಾಗ ಮಾತ್ರ, ಹೆದರುಪುಕ್ಕಲಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ನಕ್ಕರು.

ಮಾರನೆಯ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಟಾರ್ಚಿನ ಬೆಳಕು ಕಾಲ ಬಳಿಯೇ ನಿಂತುಹೋಗುತ್ತಿತ್ತು. ಕ್ಯಾನು ನನ್ನ ಕೈಯಲ್ಲಿ, ಟಾರ್ಚು ಅತ್ತೆಯ ಕೈಯಲ್ಲಿ. ನಲ್ಲಿ ದಾಟಿ ತೋಟಕ್ಕೆ ಇಳಿದ ಕೂಡಲೇ ಅವರು, "ಸುಮ್ನೆ ಬರ್ಬ್ಯಾಡ. ಮಾತಾಡ್ತಾ ಬಾ. ಮಾತು ಕೇಳಿದ್ರೆ ಅದೇ ಪಕ್ಕಕ್ಕೆ ಸರೀತದೆ," ಎಂದರು. ಹಿಂದಿನ ದಿನವೆಲ್ಲ ಊರಿನವರ ಬಾಯಿ ಮುಚ್ಚಿಸಿದ ನನಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ಎಡಗಡೆ ಗಿಡದಲ್ಲಿ ಏನೋ ಸರಕ್ಕೆಂದಿತು. ಇಬ್ಬರೂ ನಿಂತೆವು.

"ಏನಾರ ಮಾತಾಡು!" ಎಂದು ಅತ್ತೆ ನನ್ನ ರಟ್ಟೆ ಹಿಡಿದರು. ಅವರ ಉಗುರು ನನ್ನ ತೋಳಿಗೆ ಊರಿತು. ಅವರೂ ಹೆದರಿದ್ದಾರೆ, ಇಷ್ಟು ದಿನವೂ ಹೆದರಿಕೊಂಡೇ ಹೋಗಿಬಂದಿದ್ದಾರೆ ಎಂದು ಆಗಷ್ಟೇ ನನಗೆ ತಿಳಿಯಿತು.

"ಹಸು ಮಾರ್ಬಿಡೋಣ ಅತ್ತೆ!" ಎಂದು ಕೂಗಿದೆ. ನನ್ನಲ್ಲಿದ್ದದ್ದು ಅದೊಂದೇ ಮಾತು.

"ಮಾರಾಕಿಲ್ಲ!" ಎಂದು ಅವರೂ ಅಷ್ಟೇ ಜೋರಾಗಿ ಕೂಗಿದರು. ಆಮೇಲೆ ನನ್ನ ರಟ್ಟೆ ಬಿಡದೆ ಒಂದು ಹೆಜ್ಜೆ ಮುಂದಿಟ್ಟು, "ಅದನ್ನೇ ಹೇಳು. ಇನ್ನೂ ಗಟ್ಟಿಯಾಗಿ ಹೇಳ್ತಾ ಬಾ," ಎಂದರು.

ಸೊಸೈಟಿಯ ದೀಪ ಕಾಣುವವರೆಗೂ ನಾನು ಅದನ್ನೇ ಹೇಳುತ್ತ ಹೋದೆ.