ಕೆಳರೆಪ್ಪೆಯ ಬಣ್ಣ

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯವರು ಸಹಿಸಿಕೊಂಡರು, ಆಸ್ಪತ್ರೆಯ ಕಾಂಪೌಂಡರ್ ಸಹಿಸಿಕೊಂಡ. ಸಹಿಸಿಕೊಳ್ಳುವ ಯಾವ ಹಂಗೂ ಇಲ್ಲದ ಒಬ್ಬ ಹೆಂಗಸೂ ಸಹಿಸಿಕೊಂಡಳು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಭದ್ರಾವತಿ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಮನೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಆ ಹೆಂಗಸಿನ ಗಂಡ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸದವನು. ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಮನೆ ನಡೆಯುತ್ತಿದ್ದದ್ದು ಅವಳ ಕುರಿಗಳಿಂದ. ತವರಿನಿಂದ ಹೊಡೆದುಕೊಂಡು ಬಂದ ಎರಡು ಕುರಿಯನ್ನು ಮೂವತ್ತಕ್ಕೆ ಏರಿಸಿದ್ದಳು.

ಒಂದು ಮಳೆಗಾಲದಲ್ಲಿ ಮರಿಯೊಂದನ್ನು ಎತ್ತಿಕೊಂಡು ಬಂದಳು. ಅದರ ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು. ಹೊಟ್ಟೆಯ ಹುಳುಗಳು ರಕ್ತ ಹೀರಿದ್ದರ ಗುರುತು ಅದು.

"ಇಂಥವು ನಾಕು ಮರಿ ಇದಾವೆ ಸಾರ್. ನಾಕಕ್ಕೆ ಔಷಧಿ ಕೊಡಿ, ಸಾಕು."

"ಮಿಕ್ಕಿದ್ದಕ್ಕೆ?"

"ಅವಕ್ಕೆ ಬ್ಯಾಡ. ಮೇಯಕ್ಕೆ ಬಿಡೋ ಮುಂಚೆ ಕೆಳಗಿನ ರೆಪ್ಪೆ ಎಳೆದು ನೋಡ್ತೀನಿ. ಒಳಗೆ ಕೆಂಪಗಿದ್ರೆ ಸುಮ್ನೆ ಬಿಡ್ತೀನಿ, ಬೆಳ್ಳಗಾಗಿದ್ರೆ ಔಷಧಿ. ನಮ್ಮಪ್ಪನೂ ಹಂಗೇ ಮಾಡ್ತಿದ್ದ."

"ನಿಮ್ಮಪ್ಪ ಎಷ್ಟನೇ ಕ್ಲಾಸು ಓದಿದ್ದ?" ಎಂದೆ. ಕಾಂಪೌಂಡರ್ ಕಿಸಕ್ಕನೆ ನಕ್ಕ. ಅವಳು ಮರಿಯ ಬೆನ್ನು ಸವರಿದಳು. ಆಗ ನನಗೆ ಆ ನಗು ಹಿತವಾಗಿತ್ತು.

ಹುಳು ಇಡೀ ಮಂದೆಗೇ ಇರುತ್ತದೆ, ಕೊಟ್ಟರೆ ಎಲ್ಲಕ್ಕೂ ಕೊಡಬೇಕು ಎಂದು ಗದರಿದೆ. ತಿಂಗಳಿಗೊಮ್ಮೆ ನಾನೇ ಅವಳ ದೊಡ್ಡಿಗೆ ಹೋಗಿ ನಿಂತು ಕುಡಿಸಿದೆ. ಹೋಗಲಾಗದಿದ್ದರೆ ಬಾಟಲಿ ಕೊಟ್ಟು, "ಒಂದನ್ನೂ ಬಿಡಬೇಡ, ಬಿಟ್ಟರೆ ನನ್ನ ಹತ್ರ ಬರಬೇಡ" ಎನ್ನುತ್ತಿದ್ದೆ. ಮೊದಲೆರಡು ವರ್ಷ ಮರಿಗಳು ಮಿರಮಿರ ಮಿಂಚಿದವು. ನಾನು ಬೀಗಿದೆ. ರೆಪ್ಪೆ ಎಳೆದು ನೋಡುವುದನ್ನು ಅವಳು ಬಿಟ್ಟೇಬಿಟ್ಟಳು.

ನಾಲ್ಕನೆಯ ಮಳೆಗಾಲಕ್ಕೆ ಔಷಧಿ ನಾಟಲಿಲ್ಲ. ಕುಡಿಸಿದ ವಾರದೊಳಗೆ ಮತ್ತೆ ಗದ್ದ ಊದಿಕೊಳ್ಳುತ್ತಿತ್ತು. ನಾನು ಅಳತೆ ಹೆಚ್ಚಿಸಿದೆ. ಮರಿಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಒಂದು ಬೆಳಿಗ್ಗೆ ಸತ್ತ ಮರಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದಳು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ದಾರದಂಥ ಹುಳುಗಳು, ಜೀವಂತ.

"ಔಷಧಿ ಯಾವಾಗ ಕುಡಿಸಿದ್ದು?"

"ಸೋಮವಾರ ಸಾರ್. ಐದು ದಿನ ಆಯ್ತು."

"ಸುಳ್ಳು ಹೇಳಬೇಡ. ಕುಡಿಸಿದ್ರೆ ಇವು ಬದುಕ್ತಿದ್ವಾ? ಔಷಧಿ ಯಾರಿಗೆ ಮಾರಿಕೊಂಡೆ?"

ಹಸು ಎಮ್ಮೆ ಹಿಡಿದುಕೊಂಡು ಸಾಲಾಗಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. "ದೇವ್ರಾಣೆಗೂ ಎಲ್ಲಕ್ಕೂ ಕುಡಿಸಿದೀನಿ ಸಾರ್," ಎಂದವಳು ಖಾಲಿ ಚೀಲ ಮಡಿಚಿಕೊಂಡು ಹೋದಳು. ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಉಳಿದ ಕುರಿಗಳನ್ನು ಕಸಾಯಿಯವನಿಗೆ ಕೊಟ್ಟಳೆಂದು ಕಾಂಪೌಂಡರ್ ಹೇಳಿದ. ಕಳ್ಳಿ, ಹಾಗೇ ಆಗಬೇಕು ಅಂದುಕೊಂಡೆ. ಹೌದು, ಅಂದುಕೊಂಡೆ, ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ.

ಕೆಲವು ವರ್ಷಗಳ ನಂತರ ಶಿವಮೊಗ್ಗದಲ್ಲಿ ನಮಗೊಂದು ತರಬೇತಿ ನಡೆಯಿತು. ಕೈಗೊಂದು ಕಾರ್ಡು ಕೊಟ್ಟರು. ಅದರಲ್ಲಿ ಕುರಿಯ ಕಣ್ಣಿನ ಐದು ಚಿತ್ರ. ಕೆಳರೆಪ್ಪೆಯ ಒಳಗಿನ ಬಣ್ಣ ಕಡುಗೆಂಪಿನಿಂದ ಇಳಿಯುತ್ತಾ ಕೊನೆಯದರಲ್ಲಿ ಬಿಳುಚಿತ್ತು. ಬಿಳುಚಿದವಕ್ಕೆ ಮಾತ್ರ ಔಷಧಿ ಕೊಡಿ, ಉಳಿದವನ್ನು ಮುಟ್ಟಬೇಡಿ ಎಂದರು. ನಾನು ಎದ್ದು ನಿಂತು, ಎಲ್ಲಕ್ಕೂ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಔಷಧಿಗೆ ಸಾಯುವ ಹುಳುಗಳೆಲ್ಲ ಸತ್ತು, ಸಾಯದ ಹುಳುಗಳ ಸಂತಾನ ಮಾತ್ರ ಉಳಿಯುತ್ತದೆ, ಆಮೇಲೆ ಆ ಮಂದೆಗೆ ಆ ಔಷಧಿ ನೀರಿಗೆ ಸಮ; ಗಟ್ಟಿಯಿರುವ ಕುರಿಗಳನ್ನು ಬಿಟ್ಟರೆ ಅವುಗಳಲ್ಲಿ ಸಾಯುವ ಹುಳುಗಳೂ ಉಳಿದು ಔಷಧಿ ನಾಟುತ್ತಲೇ ಇರುತ್ತದೆ ಎಂದರು. ನಾನು ಕೂತುಬಿಟ್ಟೆ. ಐದು ದಿನದ ಮೇಲೂ ಆ ಹುಳುಗಳು ಯಾಕೆ ಬದುಕಿದ್ದವೆಂದು ಆಗ ತಿಳಿಯಿತು.

ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಅವಳನ್ನು ಹುಡುಕಿ ಹೋದೆ. ಭದ್ರಾವತಿಯ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತಳು. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

"ಅವತ್ತು ನೀವು ನಂಬಲಿಲ್ಲ ಸಾರ್. ಎಲ್ಲಕ್ಕೂ ಕುಡಿಸಿದ್ದೆ. ಕಣ್ಣು ಕೆಂಪಗಿದ್ದ ಮರಿಗೂ ಕುಡಿಸಿದ್ದೆ. ಒಂದನ್ನೂ ಬಿಟ್ಟಿರಲಿಲ್ಲ."

"ಗೊತ್ತಮ್ಮ," ಎಂದೆ. "ನೀನು ಬಿಟ್ಟಿದ್ದರೆ ಮರಿಗಳು ಉಳೀತಿದ್ವು. ತಪ್ಪು ನಂದು."

ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ತಂಬಿಗೆ ಅವಳ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಕೇಳಿದಳು, "ಹಂಗಾದ್ರೆ ನಮ್ಮಪ್ಪ ಮಾಡ್ತಿದ್ದುದು..."

"ಸರಿಯಾಗಿತ್ತಮ್ಮ."

ಆ ಮಾತನ್ನು ಅವಳ ಕೈಯಲ್ಲಿ ಮರಿ ಇದ್ದಾಗ ಹೇಳಬೇಕಿತ್ತು.