ಪೇಷ್ಕಾರ ರಾಯರ ತುಲಾಭಾರ

ಮಕ್ತಲದ ಪೇಷ್ಕಾರ ವೆಂಕಟೇಶರಾಯರು ಪೇಷ್ಕಾರರಲ್ಲ. ಆ ಹುದ್ದೆ ನಿಜಾಮರ ಕಾಲದಲ್ಲಿ ಅವರ ಮುತ್ತಜ್ಜನಿಗಿತ್ತು. ಇವರ ಪಾಲಿಗೆ ಬಂದದ್ದು ಆ ಹೆಸರು ಮತ್ತು ಹುಕುಂ ಮಾಡುವ ಚಾಳಿ. ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಹುಕುಂ ಕೇಳಲು ಹೆಂಡತಿ ಸರಸ್ವತಿಬಾಯಿ ಒಬ್ಬರೇ ಉಳಿದಿದ್ದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು.

ಹೋದ ಬೇಸಿಗೆಯಲ್ಲಿ ರಾಯರಿಗೆ ಕಾಮಾಲೆ ಬಂದು ಮೈ ಇಳಿದು ಅರ್ಧವಾಯಿತು. ಇವರು ಎದ್ದು ಓಡಾಡಿದರೆ ಉತ್ಥಾನ ದ್ವಾದಶಿಯ ದಿನ ಮಠದಲ್ಲಿ ಇವರ ತೂಕದಷ್ಟು ಬೆಲ್ಲ ತೂಗಿ ತುಲಾಭಾರ ಮಾಡಿಸುತ್ತೇನೆಂದು ಸರಸ್ವತಿಬಾಯಿ ಹರಕೆ ಹೊತ್ತರು. ರಾಯರು ಎದ್ದರು. ನಾರಾಯಣಪೇಟೆಯ ಡಾಕ್ಟರು ತೂಗಿ ನೋಡಿ, "ಇದ ತೂಕ ಕಾಯ್ಕೊಳ್ರಿ. ಮೊದಲಿನ ಹೊಟ್ಟಿ ಬೆಳಸ್ಕೊಂಡು ನನ್ನ ಹತ್ರ ಬರಬ್ಯಾಡ್ರಿ" ಅಂದರು. ಅಷ್ಟೇ ತೂಕದ ಬೆಲ್ಲ ದೇವರ ಕೋಣೆಯಲ್ಲಿ ಮುಡಿಪಾಗಿ ಕೂತಿತು.

"ಮುಂದ ಹಬ್ಬ ಸಾಲಿಟ್ಟು ಬರ್ತಾವರೀ. ಇನ್ನೊಂದೀಟು ಬೆಲ್ಲ ತಂದಿಟ್ಟಿರ್ತೀನಿ," ಅಂದರು ಸರಸ್ವತಿಬಾಯಿ.

ರಾಯರಿಗೆ ಇದು ಚುಚ್ಚಿತು. "ಒಂದು ಚೂರೂ ತರಬ್ಯಾಡ. ನಾ ಚಾತುರ್ಮಾಸ್ಯ ಹಿಡಿಯಾಂವ. ಇದರ ಮ್ಯಾಲ ಬೆಲ್ಲ ಬೇಕಾತಂದ್ರ ನನ್ನ ವ್ರತಾನ ಸುಳ್ಳು," ಎಂದು ದೇವರ ಮುಂದೆ ಆಣೆ ಮಾಡಿದರು. ಅಷ್ಟಕ್ಕೇ ಬಿಡದೆ ಮಠದ ಕಟ್ಟೆಯ ಮೇಲೂ ಸಾರಿದರು. ದ್ವಾದಶಿಯ ದಿನ ಬೆಲ್ಲ ಕಡಿಮೆ ಬಿದ್ದರೆ ಹೆಂಡತಿಯ ಹರಕೆಯೂ ತಪ್ಪುತ್ತದೆ, ರಾಯರ ಮಾನವೂ ಹೋಗುತ್ತದೆ ಎಂಬುದು ಹೀಗೆ ಊರಿಗೆಲ್ಲ ಗೊತ್ತಾಯಿತು.

ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ಪದಾರ್ಥ ಬಿಡಬೇಕು. ನವರಾತ್ರಿಯ ಹೊತ್ತಿಗೆ ಹಾಲು ನಿಷಿದ್ಧ. ರಾಯರು ಹಾಲಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಆದರೆ ಹಾಲಿಲ್ಲದೆ ಹೋಳಿಗೆ ಗಂಟಲಲ್ಲಿ ಇಳಿಯಬೇಕಲ್ಲ? ತುಪ್ಪ ಹಾಕಿಸಿಕೊಂಡರು. ಎಲೆಯಲ್ಲಿ ತುಪ್ಪ ಉಳಿಸಿದರೆ ಪಾಪವೆಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅದಕ್ಕೆ ತುಪ್ಪ ಸಾಲಲಿಲ್ಲ. ಒಂಬತ್ತು ದಿನ ಬೇರೆ ಬೇರೆ ಮನೆಗಳಲ್ಲಿ ಈ ಲೆಕ್ಕ ಸರಿಹೋಗಲೇ ಇಲ್ಲ.

ದಸರಾ ಮುಗಿದದ್ದೇ ಬೇಳೆ ಬಿಡುವ ತಿಂಗಳು ಬಂತು. ರಾಯರ ನಿಷ್ಠೆ ನೋಡಬೇಕಿತ್ತು. ಬೇಳೆ ಬಿದ್ದ ಪಾತ್ರೆಯ ಸೌಟು ಕೂಡ ತಮ್ಮ ಎಲೆಯ ಹತ್ತಿರ ಬರಗೊಡಲಿಲ್ಲ. ಹಾಲು ಮಾತ್ರ ಈಗ ವ್ರತಕ್ಕೆ ಅನುಕೂಲವಾಗಿತ್ತು. ದೀಪಾವಳಿಗೆ ಗದ್ವಾಲದ ತಂಗಿಯ ಮಗಳು ಅಕ್ಷಯಾ ಕರೆದಳು. ಬೆಳ್ಳಿ ಬಟ್ಟಲಿನಲ್ಲಿ ಪೇಣಿ, ಅದರ ಮೇಲೆ ಕೇಸರಿ ಹಾಲು.

"ಬ್ಯಾಳಿ ಗೀಳಿ ಹಾಕಿಲ್ಲಲಾ?" ರಾಯರು ವಿಚಾರಣೆ ಮಾಡಿದರು.

"ಇಲ್ಲರೀ ಮಾಮಾ. ಬರೇ ರವಾ, ತುಪ್ಪ, ಸಕ್ರಿ, ಹಾಲು."

"ಹಂಗಾರ ಬಾಧಕಿಲ್ಲ. ಹಾಕು."

ನಾರ್ವದ ಕುರುಬರ ಕಿಷ್ಟಪ್ಪ ಮಠದ ಕಟ್ಟೆಗೆ ಖೋವಾ ತಂದ. ರಾಯರು ತನ್ನ ಹೊಲದ ಪಹಣಿ ಸರಿಮಾಡಿಸಿಕೊಟ್ಟದ್ದನ್ನು ಅವನು ಮರೆತಿರಲಿಲ್ಲ. "ಬ್ಯಾಳಿ ಬಿಟ್ಟು ಸೊರಗಿ ಹೋದ್ರೆಲ್ಲಾ ರಾಯರ," ಎಂದು ಮರುಗಿದ. ವ್ರತದ ಕಷ್ಟ ತಿಳಿದವನು ಒಬ್ಬನಾದರೂ ಇದ್ದಾನಲ್ಲ ಎಂದು ರಾಯರಿಗೆ ಕಣ್ಣು ತುಂಬಿ ಬಂತು. ಬೇರೆ ಜಾತಿಯವರ ಮನೆಯ ಪಾಕ ಮುಟ್ಟದವರು ಖೋವಾ ಪಾಕವಲ್ಲ, ಗಟ್ಟಿಯಾದ ಹಾಲು ಎಂದು ತಕ್ಷಣವೇ ತೀರ್ಪು ಕೊಟ್ಟು ಕಟ್ಟೆಯ ಮೇಲೆಯೇ ಮುಗಿಸಿದರು.

ಮನೆಗೆ ಬಂದರೆ ಒಂದು ಸೌಟು ಅನ್ನ, ಮಜ್ಜಿಗೆ. "ಹಸಿವಿಲ್ಲ, ವ್ರತ ಮೈಗೂಡೇತಿ," ಅನ್ನುತ್ತಿದ್ದರು. ಸರಸ್ವತಿಬಾಯಿ ಕೆದಕಿ ಕೇಳುತ್ತಿರಲಿಲ್ಲ. ಧೋತರಕ್ಕೆ ಗುಂಡಿಯಿಲ್ಲದ್ದರಿಂದ ಹೊಟ್ಟೆಯ ವಿಷಯ ರಾಯರಿಗೂ ಬೇಗ ತಿಳಿಯಲಿಲ್ಲ. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಉಂಗುರ ಬೆರಳಿನಿಂದ ಹೊರಬರದೆ ಹೋದಾಗ ಗೊತ್ತಾಯಿತು. ಹೆಂಡತಿಗೆ ಹೇಳಿ ಬೆಲ್ಲ ತರಿಸೋಣವೆಂದರೆ ಆಣೆ ಅಡ್ಡ ಬಂತು. ಕೊನೆಗೆ ಏಕಾದಶಿಯೊಂದೇ ಆಸರೆಯಾಯಿತು. ಆ ದಿನ ಹನಿ ನೀರೂ ಕುಡಿಯದೆ, ಹಗುರಾಗುತ್ತಿದ್ದೇನೆಂದು ನಂಬಿ ಮಲಗಿದರು.

ಆದರೆ ದ್ವಾದಶಿಯಲ್ಲಿ ಮೊದಲು ಪಾರಣೆ, ಆಮೇಲೆ ತುಲಾಭಾರ. ಪಾರಣೆ ಮಾಡದಿದ್ದರೆ ಉಪವಾಸದ ಫಲವೂ ಇಲ್ಲ. ತೀರ್ಥ ಕುಡಿದು ಏಳಬೇಕೆಂದೇ ರಾಯರು ಮಠದ ಪಂಕ್ತಿಯಲ್ಲಿ ಕೂತರು. ವ್ರತ ಮುಗಿದ ದಿನವಾದ್ದರಿಂದ ತಿಂಗಳಿಡೀ ಬಿಟ್ಟಿದ್ದ ಬೇಳೆ ಎಲ್ಲ ರೂಪದಲ್ಲೂ ಬಂತು. ಕೋಸಂಬರಿ ಬಂತು, ತೊವ್ವೆ ಬಂತು, ಹಿಂದೆಯೇ ತುಪ್ಪದಲ್ಲಿ ತೇಲುವ ಹಯಗ್ರೀವ ಬಂತು. ರಾಯರು ಬೇಡವೆನ್ನಲು ಬಾಯಿ ತೆರೆದರು. ತೆರೆದ ಬಾಯಿ ಎಲೆ ಬರಿದಾಗುವ ತನಕ ಸುಮ್ಮನಾಗಲಿಲ್ಲ.

ಅಂಗಳದಲ್ಲಿ ತಕ್ಕಡಿ ಕಟ್ಟಿದ್ದರು. ರಾಯರು ಕೂತರು. ಆ ಕಡೆಯ ತಟ್ಟೆಗೆ ಮುಡಿಪಿನ ಬೆಲ್ಲವೆಲ್ಲ ಏರಿತು. ರಾಯರ ತಟ್ಟೆ ನೆಲ ಬಿಟ್ಟು ಏಳಲಿಲ್ಲ. ಆಚಾರ್ಯರು ಕೆಮ್ಮಿದರು. ಯಾರೋ ಒಂದು ತುಳಸಿದಳ ಹಾಕಿ ನೋಡಿದರು. ರುಕ್ಮಿಣಿಯ ದಳಕ್ಕೆ ಕೃಷ್ಣ ಎದ್ದಿದ್ದ. ಪೇಷ್ಕಾರ ರಾಯರು ಏಳಲಿಲ್ಲ. ತಮ್ಮ ನಾಲಗೆಯ ಚಪಲಕ್ಕೆ ಹೆಂಡತಿಯ ಹರಕೆ ಬಲಿಯಾಯಿತಲ್ಲ ಎಂದು ರಾಯರಿಗೆ ನಿಜವಾಗಿಯೂ ಅಳು ಬಂತು. ಆಕೆಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಕಿಷ್ಟಪ್ಪಾ, ಮೂಟಿ ತಾ," ಅಂದರು ಸರಸ್ವತಿಬಾಯಿ.

ಕಿಷ್ಟಪ್ಪ ಬೆಲ್ಲದ ಮೂಟೆ ಹೊತ್ತು ತಂದಿಳಿಸಿದ.

"ತರಬ್ಯಾಡ ಅಂದಿದ್ದೆಲ್ಲಾ," ಎಂದು ರಾಯರು ಮೆಲ್ಲಗೆ ಕೇಳಿದರು.

"ನಾ ತಂದಿಲ್ಲರೀ. ನೀವು ಯಾರ ಮನ್ಯಾಗ ಉಂಡ್ರೂ ಅವರು ನನಗ ಒಂದು ಅಚ್ಚು ಬೆಲ್ಲ ಕಳಸಬೇಕು ಅಂತ ನವರಾತ್ರಿಗೇ ಎಲ್ಲಾರಿಗೂ ಹೇಳಿಟ್ಟಿದ್ದೆ." ಆಕೆ ಒಂದೊಂದೇ ಅಚ್ಚು ಎತ್ತಿ ತಟ್ಟೆಗಿಡುತ್ತ ಎಲ್ಲರಿಗೂ ಕೇಳುವಂತೆ ಹೇಳುತ್ತಾ ಹೋದರು. "ಇದು ಅಕ್ಷಯಾನ ಪೇಣಿದು. ಇದು ಕಿಷ್ಟಪ್ಪನ ಖೋವಾದ್ದು. ಇವೆಲ್ಲಾ ಹೋಳಿಗಿವು."

ಜನ ನಗು ತಡೆಯಲಾರದೆ ಸೆರಗು, ಶಲ್ಯ ಬಾಯಿಗೊತ್ತಿಕೊಂಡರು. ಮೂಟೆ ಬರಿದಾಗುವ ಹೊತ್ತಿಗೆ ರಾಯರ ತಟ್ಟೆ ನೆಲ ಬಿಟ್ಟು ತೂಗಾಡಿತು. ಆಚಾರ್ಯರು ಮಂಗಳಾರತಿ ಎತ್ತಿದರು. ಸರಸ್ವತಿಬಾಯಿ ಹತ್ತಿರ ಬಂದು ಗಂಡನ ಹಣೆಯ ಬೆವರು ಒರೆಸಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಬ್ಯಾಸಗ್ಯಾಗ ನಿಮ್ಮನ್ನ ನಾ ಒಬ್ಬಾಕಿನ ಎತ್ತಿ ಕೂಡಸ್ತಿದ್ದೆ. ಇವತ್ತು ಊರ ಮಂದಿ ಬೆಲ್ಲೆಲ್ಲಾ ಬೇಕಾತು. ನನ್ನ ಹರಕಿ ತೀರಿತು," ಅಂದರು. "ವ್ರತ ನಿಮ್ದು, ಅದನ್ನ ನೀವ ನೋಡ್ಕೊಳ್ರಿ. ನಾಳೆ ಡಾಕ್ಟರ ಹತ್ರ ಹೋಗೂಣು. ತೂಗೂದ್ರಾಗ ಅವರಿಗೂ ಹೋಳಿಗಿ, ಪೇಣಿ ಎಲ್ಲಾ ಎಣಿಸಿ ಹೇಳ್ತೀನಿ."